ಸೀಮಂತಕ್ಕೆ ಮುನ್ನ ಒಮ್ಮೆ ದಂತವೈದ್ಯರಲ್ಲಿಗೆ

ಮನೆಯ ಹೆಣ್ಣುಮಗಳು ಗರ್ಭವತಿಯಾದಳೆಂಬ ವಾರ್ತೆ ಬಂದೊಡನೆ ನಮ್ಮವರು ಕೈಗೊಳ್ಳುವ ಎಚ್ಚರಿಕೆಗಳು ಒಂದೆರಡಲ್ಲ. ತುಂಬಿದ ಕೊಡ ಎತ್ತಬಾರದು, ಪಪ್ಪಾಯಿ ಮುಟ್ಟಬಾರದು, ಗ್ರಹಣದ ಹೊತ್ತಿನಲ್ಲಿ ಹೊರಗೆ ಕಾಲಿಡಬಾರದು ಎಂದು ಊರಿನಿಂದ ಹಿರಿಯರು ದಿನವೂ ಫೋನಿನಲ್ಲಿ ಬುದ್ಧಿ ಹೇಳುತ್ತಾರೆ. ಆಸ್ಪತ್ರೆಯಲ್ಲಿ ತೂಕ ನೋಡುತ್ತಾರೆ, ರಕ್ತ ಪರೀಕ್ಷಿಸುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಸ್ಕ್ಯಾನಿಂಗಿನಲ್ಲಿ ಶಿಶುವಿನ ಬೆಳವಣಿಗೆಯನ್ನು ಕಾಣುತ್ತಾರೆ. ಇಷ್ಟೆಲ್ಲ ನಡೆದರೂ ಆಕೆಯ ಬಾಯಿ ತೆರೆಯಿಸಿ, ಹಲ್ಲು ಹೇಗಿದೆ, ವಸಡು ಹೇಗಿದೆ ಎಂದು ನೋಡುವವರು ಮಾತ್ರ ಅಪರೂಪ. ತಾಯಿಯ ಆಹಾರವೇ ಶಿಶುವಿನ ಆಹಾರವೆಂದು ಒಪ್ಪುವ ನಾವು, ಆ ಆಹಾರವನ್ನು ಅಗಿಯಬೇಕಾದ ಹಲ್ಲುಗಳ ವಿಷಯದಲ್ಲಿ ಇಷ್ಟು ಉದಾಸೀನರಾಗಿರುವುದು ವಿಚಿತ್ರವೇ ಸರಿ.

ಈ ದಿನ ನಮ್ಮ ವಾಚಕರ ಮುಂದೆ ನಾವು ಇಡಬಯಸುವ ಮಾತು ಒಂದೇ. ಸೀಮಂತದ ದಿನವನ್ನು ನಿಶ್ಚಯಿಸುವುದಕ್ಕೆ ಮೊದಲು, ಅಂದರೆ ನಾಲ್ಕನೆಯ ಅಥವಾ ಐದನೆಯ ತಿಂಗಳಿನಲ್ಲಿ, ಗರ್ಭಿಣಿಯನ್ನು ಒಮ್ಮೆ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ನೋವಿದ್ದರೂ ಸರಿ, ಇಲ್ಲದಿದ್ದರೂ ಸರಿ. ಪರವೂರಿನಲ್ಲಿ ದುಡಿಯುವ ನಮ್ಮಂತಹವರ ಸಂಸಾರಗಳಿಗೆ ಇದು ಏಕೆ ವಿಶೇಷವಾಗಿ ಅಗತ್ಯವೆಂಬುದನ್ನು ಮುಂದೆ ವಿವರಿಸುತ್ತೇವೆ.

ಮೊದಲು ಒಂದು ತಪ್ಪು ನಂಬಿಕೆಯನ್ನು ದೂರ ಮಾಡಬೇಕಾಗಿದೆ. ಹೆತ್ತವಳ ಹಲ್ಲು ಹೋಗುವುದು ಸಹಜ, ಹೊಟ್ಟೆಯಲ್ಲಿರುವ ಮಗು ತನ್ನ ಎಲುಬಿಗೆ ಬೇಕಾದ ಸುಣ್ಣದ ಅಂಶವನ್ನು ತಾಯಿಯ ಹಲ್ಲಿನಿಂದ ಎಳೆದುಕೊಳ್ಳುತ್ತದೆ ಎಂದು ನಮ್ಮಲ್ಲಿ ಹಿರಿಯರೂ ಕಿರಿಯರೂ ನಂಬಿದ್ದಾರೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಆಹಾರದಿಂದ ಬರುತ್ತದೆ, ಆಹಾರದಲ್ಲಿ ಕೊರತೆಯಾದರೆ ಆಕೆಯ ಎಲುಬಿನಿಂದ ಹೋಗುತ್ತದೆ, ಹಲ್ಲಿನಿಂದ ಹೋಗುವುದಿಲ್ಲ. ಒಮ್ಮೆ ಗಟ್ಟಿಯಾಗಿ ಬೆಳೆದ ಹಲ್ಲು ಹಾಗೆ ಕರಗಿ ರಕ್ತಕ್ಕೆ ಸೇರತಕ್ಕ ವಸ್ತುವಲ್ಲ. ಹೆರಿಗೆಯ ಅನಂತರ ಹಲ್ಲು ಹಾಳಾಗಿದ್ದರೆ, ಆ ಒಂಬತ್ತು ತಿಂಗಳಿನಲ್ಲಿ ಅದರ ಆರೈಕೆ ತಪ್ಪಿತೆಂದೇ ಅರ್ಥ. ಹಣೆಬರಹವೆಂದು ಸುಮ್ಮನಾಗುವುದರಿಂದ, ತಡೆಯಬಹುದಾದ ಕೇಡನ್ನು ನಾವೇ ಬರಮಾಡಿಕೊಂಡಂತಾಗುತ್ತದೆ.

ಹಾಗಾದರೆ ಗರ್ಭಕಾಲದಲ್ಲಿ ಬಾಯಿಯಲ್ಲಿ ನಿಜವಾಗಿ ನಡೆಯುವುದೇನು? ಆ ಕಾಲದಲ್ಲಿ ಸ್ತ್ರೀಯ ಶರೀರದಲ್ಲಿ ಪ್ರೊಜೆಸ್ಟರೋನ್, ಈಸ್ಟ್ರೋಜೆನ್ ಎಂಬ ರಸಗಳು ಬಹಳವಾಗಿ ಹೆಚ್ಚುತ್ತವೆ. ಇವುಗಳ ಪ್ರಭಾವದಿಂದ ವಸಡಿಗೆ ರಕ್ತದ ಓಟ ಅಧಿಕವಾಗಿ ಅದು ಮೃದುವಾಗುತ್ತದೆ. ಹಲ್ಲಿನ ಬುಡದಲ್ಲಿ ದಿನವೂ ಕಟ್ಟುವ ಪಾಚಿಯಂತಹ ಕೊಳೆಯಲ್ಲಿರುವ ಸೂಕ್ಷ್ಮಾಣುಗಳಿಗೆ ಬೇರೆ ಕಾಲದಲ್ಲಿ ಅಷ್ಟಾಗಿ ಕೆರಳದ ವಸಡು, ಈಗ ಬೇಗನೆ ಕೆಂಪೇರಿ ಊದಿಕೊಳ್ಳುತ್ತದೆ. ಹಲ್ಲುಜ್ಜುವಾಗ ರಕ್ತ ಒಸರುತ್ತದೆ. ಸಾಮಾನ್ಯವಾಗಿ ಎರಡನೆಯ ತಿಂಗಳಿನಲ್ಲಿ ಮೊದಲಾಗುವ ಈ ತೊಂದರೆ ಎಂಟನೆಯ ತಿಂಗಳಿನವರೆಗೆ ಏರುತ್ತಾ ಹೋಗುತ್ತದೆ. ಇದು ಬಹುಮಂದಿ ಗರ್ಭಿಣಿಯರಿಗೆ ಬರುವಂತಹದು. ಕೆಲವರಿಗೆ ಎರಡು ಹಲ್ಲುಗಳ ನಡುವೆ ವಸಡಿನ ಮೇಲೆ ಕೆಂಪು ಗಂಟೊಂದು ಬೆಳೆಯುವುದೂ ಉಂಟು. ಅದನ್ನು ಕಂಡು ಕ್ಯಾನ್ಸರೆಂದು ಹೌಹಾರಬೇಕಾಗಿಲ್ಲ. ಹೆಚ್ಚಾಗಿ ಹೆರಿಗೆಯ ಬಳಿಕ ತಾನಾಗಿ ಕುಗ್ಗುತ್ತದೆ. ಆದರೂ ವೈದ್ಯರ ಕಣ್ಣಿಗೆ ಅದು ಬೀಳಲೇಬೇಕು.

ಇಲ್ಲಿಯೇ ದೊಡ್ಡ ತಪ್ಪು ನಡೆಯುತ್ತದೆ. ರಕ್ತ ಕಂಡೊಡನೆ ಹೆಣ್ಣುಮಗಳು ಹೆದರಿ ಹಲ್ಲುಜ್ಜುವುದನ್ನು ಬಿಡುತ್ತಾಳೆ. ಬೆರಳಿನಿಂದ ತೀಡಿ ಬಾಯಿ ಮುಕ್ಕಳಿಸಿದರೆ ಸಾಕೆಂದು ಮನೆಯವರೂ ಹೇಳುತ್ತಾರೆ. ಕೊಳೆ ಉಳಿಯುತ್ತದೆ; ವಸಡು ಇನ್ನಷ್ಟು ಊದುತ್ತದೆ; ರಕ್ತ ಇನ್ನಷ್ಟು ಬರುತ್ತದೆ. ಬಹುಕಾಲ ಹೀಗೆಯೇ ಬಿಟ್ಟರೆ ಹಲ್ಲನ್ನು ಹಿಡಿದುಕೊಂಡಿರುವ ಎಲುಬೇ ಸವೆದು ಹಲ್ಲು ಅಲುಗಾಡತೊಡಗುತ್ತದೆ. ಆದುದರಿಂದ ರಕ್ತ ಬರುತ್ತಿರುವಾಗಲೇ ಶುಚಿತ್ವ ಹೆಚ್ಚಬೇಕು. ಮೃದುವಾದ ಬ್ರಶ್ಶಿನಿಂದ, ಫ್ಲೋರೈಡ್ ಇರುವ ಪೇಸ್ಟನ್ನು ಹಾಕಿ, ಬೆಳಿಗ್ಗೆ ಒಮ್ಮೆ ಮತ್ತು ರಾತ್ರಿ ಊಟವಾದ ಮೇಲೆ ಒಮ್ಮೆ, ಎರಡೆರಡು ನಿಮಿಷ ಸಾವಧಾನವಾಗಿ ಉಜ್ಜತಕ್ಕದ್ದು. ರಾತ್ರಿಯದನ್ನು ತಪ್ಪಿಸಲೇಬಾರದು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ, ಹಲ್ಲಿನ ಸಂದಿನಲ್ಲಿ ಉಳಿದ ಆಹಾರ ಆಗಲೇ ಹೆಚ್ಚು ಕೆಡುಕು ಮಾಡುತ್ತದೆ.

ಮೊದಲ ತಿಂಗಳುಗಳ ವಾಂತಿಯ ವಿಷಯವನ್ನೂ ಹೇಳಬೇಕು. ವಾಂತಿಯೊಡನೆ ಜಠರದ ಆಮ್ಲ ಬಾಯಿಗೆ ಬಂದು ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ. ಬಾಯಿಯ ಹುಳಿ ಹೋಗಲೆಂದು ಆ ಕ್ಷಣವೇ ಬ್ರಶ್ಶು ಹಿಡಿದು ತಿಕ್ಕಿದರೆ, ಮೆತ್ತಗಾದ ಪದರ ಉಜ್ಜಿಹೋಗುತ್ತದೆ. ಒಂದು ಲೋಟ ನೀರಿಗೆ ಒಂದು ಚಹದ ಚಮಚೆಯಷ್ಟು ಅಡುಗೆ ಸೋಡ ಬೆರೆಸಿ ಬಾಯಿ ಮುಕ್ಕಳಿಸಿ ಉಗುಳಿ, ಅರ್ಧದಿಂದ ಒಂದು ಗಂಟೆಯ ಬಳಿಕ ಹಲ್ಲುಜ್ಜುವುದು ಸರಿಯಾದ ಕ್ರಮ. ಅಡುಗೆ ಸೋಡ ನಮ್ಮ ಪ್ರತಿಯೊಂದು ಹೋಟೇಲಿನ ಅಡುಗೆಮನೆಯಲ್ಲಿಯೂ ಇದೆ. ಆದರೆ ಪಾತ್ರೆ ಬೆಳಗುವಲ್ಲಿ ಇಟ್ಟಿರುವ ವಾಷಿಂಗ್ ಸೋಡ ಬೇರೆ, ಹಿಟ್ಟಿಗೆ ಹಾಕುವ ಸೋಡ ಬೇರೆ ಎಂಬುದನ್ನು ಹೋಟೇಲಿನವರಾದ ನಮ್ಮ ಸೋದರರು ಮನೆಯಲ್ಲಿ ತಿಳಿಸಿ ಹೇಳಬೇಕು. ಮೊದಲಿನದನ್ನು ಬಾಯಿಗೆ ತರಲೇಬಾರದು.

ಬಯಕೆಯ ಕಾಲದಲ್ಲಿ ನಾಲಗೆ ಬೇಡಿದುದನ್ನು ಕೊಡಬೇಡಿರೆಂದು ಹೇಳುವ ಕಾಠಿಣ್ಯ ನಮಗಿಲ್ಲ. ಹುಣಿಸೆ, ಮಾವಿನಕಾಯಿ, ಉಂಡೆ, ಮೈಸೂರುಪಾಕು ಎಲ್ಲವೂ ಬರಲಿ. ಆದರೆ ಸಿಹಿ ಎಷ್ಟು ತಿಂದರೆಂಬುದಕ್ಕಿಂತ ಎಷ್ಟು ಸಲ ತಿಂದರೆಂಬುದು ಹಲ್ಲಿಗೆ ಮುಖ್ಯ. ಊಟದ ಜೊತೆಯಲ್ಲಿ ಒಮ್ಮೆ ತಿಂದು ಬಾಯಿ ತೊಳೆದರೆ ಹಾನಿ ಕಡಿಮೆ. ಗಂಟೆಗೊಮ್ಮೆ ಬಿಸ್ಕತ್ತು, ಸಕ್ಕರೆ ತುಂಬಿದ ಚಹ ಎಂದು ನಡೆಯುತ್ತಿದ್ದರೆ ಹಲ್ಲಿಗೆ ಬಿಡುವೇ ಇರುವುದಿಲ್ಲ. ಹಾಲು, ಮೊಸರು, ಸೊಪ್ಪು, ರಾಗಿ ಊಟದಲ್ಲಿರಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತಲೂ ಅಧಿಕ ಕ್ಯಾಲ್ಸಿಯಂ ಇದೆ. ಪರವೂರಿಗೆ ಬಂದೆವೆಂದು ರಾಗಿಯನ್ನು ಮರೆಯಬೇಕಾಗಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ತಪ್ಪದೆ ಸೇವಿಸಬೇಕು. ಎರಡನ್ನೂ ಒಂದೇ ಹೊತ್ತಿನಲ್ಲಿ ನುಂಗಬಾರದು. ಒಂದರ ಗುಣವನ್ನು ಇನ್ನೊಂದು ತಡೆಯುತ್ತದೆ.

ಇನ್ನು, ಗರ್ಭಿಣಿಗೆ ಹಲ್ಲಿನ ಚಿಕಿತ್ಸೆ ಮಾಡಿಸಬಾರದೆಂಬ ಭಯ. ಈ ಭಯ ನಮ್ಮ ಜನರಲ್ಲಿ ಮಾತ್ರವಲ್ಲ, ಕೆಲವು ವೈದ್ಯರಲ್ಲಿಯೂ ಉಂಟು. ಹೆರಿಗೆ ಆಗಲಿ, ಆಮೇಲೆ ನೋಡೋಣ ಎಂದು ಹಿಂದಕ್ಕೆ ಕಳುಹಿಸಿದ ಪ್ರಸಂಗಗಳನ್ನು ನಾವು ಬಲ್ಲೆವು. ಆದರೆ ಪ್ರಸೂತಿ ತಜ್ಞರ ಅಭಿಪ್ರಾಯವೇ ಈಗ ಬೇರೆ ಇದೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2013ರಲ್ಲಿ ಪ್ರಕಟಿಸಿದ ಅಭಿಪ್ರಾಯದಂತೆ, ಗರ್ಭಕಾಲದಲ್ಲಿ ಹಲ್ಲು ಪರೀಕ್ಷೆ, ಶುಚಿಗೊಳಿಸುವಿಕೆ, ಅಗತ್ಯವಾದ ಚಿಕಿತ್ಸೆ ಇವೆಲ್ಲ ನಿರಪಾಯ. ಜೋಮು ಹಿಡಿಸುವ ಲಿಗ್ನೊಕೇನ್ ಚುಚ್ಚುಮದ್ದಿಗೂ, ಅವಶ್ಯಬಿದ್ದಾಗ ತಕ್ಕ ರಕ್ಷಣೆಯೊಡನೆ ತೆಗೆಯುವ ಹಲ್ಲಿನ ಎಕ್ಸ್‌ರೇಗೂ ಹೆದರಬೇಕಾಗಿಲ್ಲ. ಹುಳುಕು ತುಂಬಿಸುವುದು, ಬೇರಿನ ಚಿಕಿತ್ಸೆ, ಅನಿವಾರ್ಯವಾದರೆ ಹಲ್ಲು ಕೀಳಿಸುವುದು, ಎಲ್ಲವೂ ಸಾಧ್ಯ. ನೋವಾಗಲಿ ಬಾವಾಗಲಿ ಇದ್ದರೆ ಯಾವ ತಿಂಗಳಿನಲ್ಲಿಯೂ ತಡಮಾಡಕೂಡದು. ಅವಸರವಿಲ್ಲದ ಕೆಲಸಗಳಿಗೆ ನಾಲ್ಕನೆಯ ತಿಂಗಳಿನಿಂದ ಆರನೆಯ ತಿಂಗಳಿನವರೆಗಿನ ಕಾಲ ಅನುಕೂಲ. ವಾಂತಿ ಇಳಿದಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರವಾಗಿರುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದು. ಆಗ ತುಸು ಎಡಕ್ಕೆ ವಾಲಿಸಿ ಮಲಗಿಸುತ್ತಾರೆ.

ಭಯಪಡಬೇಕಾದುದು ದಂತವೈದ್ಯರಿಗಲ್ಲ, ಬೀದಿ ಮೂಲೆಯ ಔಷಧದಂಗಡಿಯಲ್ಲಿ ಕೇಳಿ ತರುವ ಮಾತ್ರೆಗೆ. ರಾತ್ರಿ ಹನ್ನೊಂದಕ್ಕೆ ಹೋಟೇಲು ಮುಚ್ಚಿ ಬಂದ ಗಂಡನಿಗೆ ಹೆಂಡತಿ ಹಲ್ಲುನೋವೆಂದು ನರಳುವುದು ಕಂಡಾಗ, ಅವನು ಅಂಗಡಿಗೆ ಓಡಿ ಹತ್ತು ರೂಪಾಯಿಯ ನೋವಿನ ಮಾತ್ರೆ ತರುವುದು ಸಹಜ. ಅವನ ಕಳಕಳಿ ದೊಡ್ಡದು. ಆದರೆ ಗರ್ಭಿಣಿಗೆಂದು ಅವನು ಹೇಳುವುದಿಲ್ಲ, ಅಂಗಡಿಯವನು ಕೇಳುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಗರ್ಭದ ಉತ್ತರಾರ್ಧದಲ್ಲಿ ಶಿಶುವಿನ ಮೂತ್ರಪಿಂಡಕ್ಕೂ ಹೃದಯದ ರಕ್ತನಾಳಕ್ಕೂ ತೊಂದರೆ ಕೊಡಬಲ್ಲವು. ಟೆಟ್ರಾಸೈಕ್ಲಿನ್ ಜಾತಿಯ ಔಷಧ ಹುಟ್ಟುವ ಮಗುವಿನ ಹಲ್ಲಿಗೆ ಅಳಿಸಲಾಗದ ಕಲೆ ಹಚ್ಚುತ್ತದೆ. ವೈದ್ಯರನ್ನು ಕೇಳದೆ ಇವನ್ನು ತರಬೇಡಿರಿ. ಲವಂಗ ಕಚ್ಚಿ ನೋವು ಅಡಗಿತೆಂದರೆ ರೋಗ ಅಡಗಿತೆಂದು ತಿಳಿಯಲೂಬೇಡಿರಿ. ಮುಖ ಊದಿ ಜ್ವರ ಬಂದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ವಸಡಿನ ರೋಗದಿಂದ ಮಗು ದಿನ ತುಂಬುವ ಮೊದಲೇ ಹುಟ್ಟುತ್ತದೆಂಬ ಮಾತು ಈಚೆಗೆ ಪ್ರಚಾರದಲ್ಲಿದೆ. ಅದರಲ್ಲಿ ಎಷ್ಟು ನಿಜವೆಂಬುದನ್ನು ಸ್ಪಷ್ಟಪಡಿಸುವುದು ಪತ್ರಿಕೆಯ ಕರ್ತವ್ಯ. ಎರಡಕ್ಕೂ ಸಂಬಂಧವಿರಬಹುದೆಂದು 1996ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆದರೆ 2006ರಲ್ಲಿ ಪ್ರಕಟವಾದ, 823 ಗರ್ಭಿಣಿಯರ ಮೇಲೆ ಅಲ್ಲಿಯೇ ನಡೆದ ಪ್ರಯೋಗದಲ್ಲಿ, ವಸಡಿನ ಚಿಕಿತ್ಸೆಯಿಂದ ಅವಧಿಗೆ ಮುನ್ನ ಹೆರಿಗೆಯಾಗುವುದು ಕಡಿಮೆಯಾಗಲಿಲ್ಲ. ವಸಡು ಗುಣವಾಯಿತು, ಚಿಕಿತ್ಸೆಯಿಂದ ತಾಯಿಗೂ ಶಿಶುವಿಗೂ ಅಪಾಯವಾಗಲಿಲ್ಲ ಎಂಬುದು ಮಾತ್ರ ಸಿದ್ಧವಾಯಿತು. ನಮಗೆ ಅಷ್ಟೇ ಸಾಕು. ತಾಯಿಯ ಬಾಯಿಯ ನೋವನ್ನು ನಿವಾರಿಸಲು ಮಗುವಿನ ಹೆಸರಿನ ಹೆದರಿಕೆ ಏಕೆ ಬೇಕು? ಅವಳ ನೋವೇ ಸಾಕಾದ ಕಾರಣವಲ್ಲವೇ?

ಹೊಗೆಸೊಪ್ಪಿನ ವಿಷಯ ಹಾಗಲ್ಲ. ಮಹಾರಾಷ್ಟ್ರದಲ್ಲಿ ಹುರಿದ ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವ ರೂಢಿ ಹೆಂಗಸರಲ್ಲಿ ಬಹುಕಾಲದಿಂದ ಇದೆ. ಮಿಶ್ರಿ ಎಂದು ಇದಕ್ಕೆ ಹೆಸರು. ಚಾಳಿನ ನೆರೆಹೊರೆಯಲ್ಲಿ ನೋಡಿ, ಹಲ್ಲುನೋವಿಗೆ ಒಳ್ಳೆಯದೆಂದು ಕೇಳಿ, ನಮ್ಮ ಕೆಲವು ಸೋದರಿಯರೂ ಇದಕ್ಕೆ ಒಗ್ಗಿಹೋಗಿದ್ದಾರೆ. ಒಮ್ಮೆ ಉಜ್ಜುವುದು ನಾಲ್ಕು ಸಲವಾಗುತ್ತದೆ. ಅದು ಹಲ್ಲುಪುಡಿಯಾಗಿ ಉಳಿಯದೆ ಚಟವಾಗುತ್ತದೆ. ಇದೇ ಮುಂಬಯಿಯಲ್ಲಿ 1217 ಗರ್ಭಿಣಿಯರನ್ನು ಕುರಿತು ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಾಗಿತ್ತು. ಅವಧಿಗೆ ಮುನ್ನ ಹುಟ್ಟುವುದೂ ಅವರಲ್ಲಿ ಹೆಚ್ಚಾಗಿತ್ತು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರಕಾರ 1992ರಲ್ಲಿಯೇ ನಿಷೇಧಿಸಿದೆ. ಆದರೆ ಮನೆಯ ಹಂಚಿನಲ್ಲಿ ಹುರಿಯುವುದನ್ನು ಯಾವ ಕಾನೂನು ತಡೆದೀತು? ಬರಿಯ ಅಡಕೆಯೂ ನಿರ್ದೋಷಿಯಲ್ಲ. ಅದು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಸಾರಿದೆ. ಅಡಕೆ ಬೆಳೆಯುವ ನಾಡಿನವರಾದ ನಮಗೆ ಈ ಮಾತು ಕಹಿಯಾದರೂ ಹೇಳದಿರಲಾಗದು. ಗಂಡನಾದವನು ತಾನು ತಂಬಾಕು ಜಗಿಯುತ್ತಾ ಹೆಂಡತಿಗೆ ಮಿಶ್ರಿ ಬಿಡೆಂದರೆ ಆ ಉಪದೇಶಕ್ಕೆ ಬೆಲೆಯಿರುವುದಿಲ್ಲ.

ಈಗ ನಮ್ಮ ಪರಿಸ್ಥಿತಿಗೆ ಬರೋಣ. ಪರವೂರಿನ ಕನ್ನಡಿಗನ ಸಂಸಾರ ಎರಡು ಊರುಗಳ ನಡುವೆ ಹಂಚಿಹೋಗಿದೆ. ಮೊದಲ ತಿಂಗಳುಗಳಲ್ಲಿ ಹೆಂಡತಿ ಮುಂಬಯಿಯ ಖೋಲಿಯಲ್ಲಿ. ಸೀಮಂತವಾದೊಡನೆ ಚೊಚ್ಚಲ ಹೆರಿಗೆಗೆ ಉಡುಪಿಯ, ಕುಂದಾಪುರದ ಅಥವಾ ಧಾರವಾಡದ ಕಡೆಯ ತವರಿನಲ್ಲಿ. ಇಲ್ಲಿರುವಾಗ, ಹೇಗೂ ಊರಿಗೆ ಹೋಗುವಳಲ್ಲ, ಅಲ್ಲಿಯೇ ತೋರಿಸಲಿ ಎಂದು ಗಂಡ ಸುಮ್ಮನಿರುತ್ತಾನೆ. ಅಲ್ಲಿಗೆ ಹೋದ ಮೇಲೆ, ತುಂಬಿದ ಬಸುರಿಯನ್ನು ಹಲ್ಲಿಗಾಗಿ ಎಲ್ಲಿಗೆ ಅಲೆಸುವುದು, ಹೆರಿಗೆ ಆಗಲಿ ಎಂದು ತವರಿನವರು ಸುಮ್ಮನಿರುತ್ತಾರೆ. ಹೆರಿಗೆಯಾದ ಮೇಲೆ ಬಾಣಂತಿತನ. ಅದು ಮುಗಿದು ಕೂಸಿನೊಡನೆ ಇಲ್ಲಿಗೆ ಮರಳಿದ ಮೇಲೆ ಉಸಿರಾಡಲೂ ಬಿಡುವಿಲ್ಲ. ಹೀಗೆ ಒಂದು ಚಿಕ್ಕ ಹುಳುಕು ವರ್ಷದೊಳಗೆ ಬೇರಿಗಿಳಿದು, ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಸಾವಿರಗಳು ಬೇಕಾಗುತ್ತವೆ. ಚಿಕಿತ್ಸೆಗೆ ಅನುಕೂಲವಾದ ನಾಲ್ಕನೆಯ, ಐದನೆಯ ತಿಂಗಳಿನಲ್ಲಿ ಆಕೆ ಬಹುಶಃ ಇಲ್ಲಿಯೇ ಇರುತ್ತಾಳೆ. ಆದುದರಿಂದಲೇ ಸೀಮಂತಕ್ಕೆ ಮುನ್ನ ಎಂದು ನಾವು ಒತ್ತಿ ಹೇಳುತ್ತಿರುವುದು.

ಎಲ್ಲಿಗೆ ಹೋಗುವುದೆಂದು ಕೇಳುವವರಿಗೆ ದಾರಿಗಳಿವೆ. ಮುಂಬಯಿಯಲ್ಲಿ ನಗರಪಾಲಿಕೆಯ ನಾಯರ್ ದಂತ ಆಸ್ಪತ್ರೆ ಮುಂಬಯಿ ಸೆಂಟ್ರಲ್ ಬಳಿಯಲ್ಲಿದೆ. ಸರಕಾರಿ ದಂತ ಕಾಲೇಜು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಸಮೀಪದಲ್ಲಿದೆ. ಚೆನ್ನೈ ಮತ್ತು ಹೈದರಾಬಾದುಗಳಲ್ಲಿ ಸರಕಾರಿ ದಂತ ಕಾಲೇಜುಗಳಿವೆ. ದಿಲ್ಲಿಯಲ್ಲಿ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆಯಿದೆ. ಊರಿನ ಕಡೆಯಾದರೆ ಮಣಿಪಾಲ, ಮಂಗಳೂರು, ದೇರಳಕಟ್ಟೆ, ಧಾರವಾಡಗಳಲ್ಲಿ ದಂತ ಕಾಲೇಜುಗಳಿವೆ. ಇಂತಹ ಕಡೆ ಕಾಯಬೇಕಾದೀತು, ಆದರೆ ಖರ್ಚು ಕಡಿಮೆ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಕಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಕೇಂದ್ರ ಸರಕಾರದ ಯೋಜನೆಯೂ ಇದೆ. ಅಂದು ಹೋದಾಗ, ಹಲ್ಲು ವಸಡು ತೋರಿಸಬೇಕಾಗಿದೆ, ದಂತ ವಿಭಾಗಕ್ಕೆ ಚೀಟಿ ಬರೆದುಕೊಡಿರಿ ಎಂದು ಬಾಯಿ ಬಿಟ್ಟು ಕೇಳಬೇಕು. ಎಷ್ಟನೆಯ ತಿಂಗಳು, ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ದಂತವೈದ್ಯರಿಗೆ ಮೊದಲೇ ಹೇಳಬೇಕು.

ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ನಾವೆಲ್ಲ ಇ.ಎಸ್.ಐ. ಎಂದು ಕರೆಯುವುದು, ಕೆಲಸಗಾರನ ಹೆಂಡತಿಯ ಚಿಕಿತ್ಸೆಯನ್ನೂ ಒಳಗೊಂಡಿದೆಯೆಂಬುದು ನಮ್ಮ ಅನೇಕ ಮಾಣಿಗಳಿಗೂ ಗುಮಾಸ್ತರಿಗೂ ತಿಳಿದಿಲ್ಲ. ಇದರ ವೇತನ ಮಿತಿ 2017ರಲ್ಲಿ ತಿಂಗಳಿಗೆ 21,000 ರೂಪಾಯಿ ಎಂದು ನಿಗದಿಯಾಯಿತು. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ನೂರಕ್ಕೆ ಕೆಲಸಗಾರನ ಪಾಲು 75 ಪೈಸೆ, ಮಾಲಿಕನ ಪಾಲು 3 ರೂಪಾಯಿ 25 ಪೈಸೆ. 16,000 ರೂಪಾಯಿ ಸಂಬಳದವನಿಗೆ ತಿಂಗಳಿಗೆ 120 ರೂಪಾಯಿ, ಮಾಲಿಕನಿಗೆ 520. ಯೋಜನೆಗೆ ಒಳಪಟ್ಟ ಹೋಟೇಲಿನಲ್ಲಿದ್ದರೂ ನಿಮ್ಮ ಹೆಸರು ದಾಖಲಾಗಿದೆಯೇ, ಹೆಂಡತಿಯ ಹೆಸರು ಸೇರಿಸಿದೆಯೇ ಎಂದು ಇಂದೇ ವಿಚಾರಿಸಿರಿ. ಕೇಳುವುದಕ್ಕೆ ಸಂಕೋಚ ಬೇಡ. ಅದು ನಿಮ್ಮ ದುಡಿಮೆಯ ಹಣ.

ಹೋಟೇಲು ಮಾಲಿಕರಿಗೂ ಎರಡು ಮಾತು ಹೇಳುವ ಅಧಿಕಾರ ನಮಗಿದೆಯೆಂದು ಭಾವಿಸುತ್ತೇವೆ. ಗಲ್ಲಾಪೆಟ್ಟಿಗೆಯ ಹಿಂದೆ ಅನೇಕ ವರ್ಷ ಕುಳಿತು ಬಂದವರು ನಾವು. ಸೀಮಂತಕ್ಕೆಂದು, ನಾಮಕರಣಕ್ಕೆಂದು, ಮಳೆಗಾಲಕ್ಕೆ ಮುಂಚೆ ಊರ ಮನೆಯ ಹಂಚು ಹೊದಿಸಲೆಂದು ಮುಂಗಡ ಕೇಳಿದವರನ್ನು ನಾವು ಕಂಡಿದ್ದೇವೆ. ಹೆಂಡತಿಯ ಹಲ್ಲು ತೋರಿಸಲೆಂದು ಕೇಳಿದವನನ್ನು ಕಂಡುದು ನೆನಪಿಲ್ಲ. ಕೇಳಿದರೆ ನಕ್ಕಾರೆಂಬ ಅಳುಕು ಅವನಿಗೆ. ಆ ಅಳುಕನ್ನು ತೆಗೆಯುವುದು ಮಾಲಿಕರ ಕೈಯಲ್ಲಿದೆ. ಬೆಳಗಿನ ತಿಂಡಿಯ ನೂಕುನುಗ್ಗಲಿನ ವೇಳೆಯೇ ಆಸ್ಪತ್ರೆಯ ಹೊರರೋಗಿ ವಿಭಾಗದ ವೇಳೆಯೂ ಆಗಿರುವುದು ನಿಜವಾದ ಕಷ್ಟ. ಆದರೂ ಒಬ್ಬ ಕೆಲಸಗಾರನಿಗೆ ಒಂದು ಬೆಳಿಗ್ಗೆ ರಜೆ ಕೊಟ್ಟರೆ ಹೋಟೇಲು ಮುಚ್ಚಿಹೋಗುವುದಿಲ್ಲ. ಮನೆಯ ಚಿಂತೆಯಿಲ್ಲದೆ ಬಂದವನ ಕೈಕೆಲಸವೂ ಹಸನಾಗಿರುತ್ತದೆ.

ಹೆರಿಗೆಯೊಂದಿಗೆ ಈ ಆರೈಕೆ ಮುಗಿಯಲಿಲ್ಲ. ಬಾಣಂತಿಯ ಹಲ್ಲು ಸಡಿಲವೆಂದು ಹೇಳಿ ತಿಂಗಳುಗಟ್ಟಲೆ ಬ್ರಶ್ಶು ಮುಟ್ಟಗೊಡದ ಮನೆಗಳುಂಟು. ಅದೇ ವೇಳೆಗೆ ಬೆಲ್ಲದ ಲೇಹ್ಯ, ಅಂಟಿನ ಉಂಡೆ, ಊಟವಾದ ಮೇಲೆ ವೀಳ್ಯ ನಡೆಯುತ್ತಲೇ ಇರುತ್ತವೆ. ಲೇಹ್ಯ ಕೊಡಿರಿ, ಬ್ರಶ್ಶನ್ನೂ ಕೊಡಿರಿ. ತಾಯಿಯ ಹುಳುಕು ಹಲ್ಲಿನ ಸೂಕ್ಷ್ಮಾಣುಗಳು ಆಕೆಯ ಎಂಜಲಿನ ಮೂಲಕ ಕೂಸಿನ ಬಾಯಿಗೆ ಸೇರುತ್ತವೆ. ಚಮಚೆಯನ್ನು ತಾನು ಚೀಪಿ ನೋಡಿ ಮಗುವಿಗೆ ಕೊಡುವ ಅಭ್ಯಾಸ ಒಳ್ಳೆಯದಲ್ಲ. ತಾಯಿಯ ಬಾಯಿ ಶುಚಿಯಾಗಿದ್ದರೆ ಮಗುವಿನ ಮೊದಲ ಹಲ್ಲಿಗೂ ಅದು ರಕ್ಷಣೆ.

ಸೀಮಂತದ ದಿನ ಹಸುರು ಬಳೆ ತೊಡಿಸಿ, ಹೂ ಮುಡಿಸಿ, ಬಗೆಬಗೆಯ ಭಕ್ಷ್ಯಗಳನ್ನು ಹೆಣ್ಣುಮಗಳ ಎಲೆಗೆ ಬಡಿಸುತ್ತೇವೆ. ಆ ಚಕ್ಕುಲಿಯನ್ನು ಅವಳು ನೋವಿಲ್ಲದೆ ಕಡಿಯುವಂತಾಗಬೇಕು. ಅದಕ್ಕಾಗಿ ಒಂದು ಬೆಳಗಿನ ರಜೆಯನ್ನೂ ಸ್ವಲ್ಪ ಹಣವನ್ನೂ ಈಗಲೇ ತೆಗೆದಿಡಿರೆಂದು ನಮ್ಮ ಹೋಟೇಲು ಕಾರ್ಮಿಕ ಬಂಧುಗಳನ್ನೂ ಗುಮಾಸ್ತ ಮಿತ್ರರನ್ನೂ ಕೇಳಿಕೊಳ್ಳುತ್ತೇವೆ.